ಅಗೆದವರು ಯಾರ ಮನೆಯವರು?

ನೈಜೀರಿಯಾದ ಎನುಗುವಿನಲ್ಲಿ ದೊಡ್ಡ ಗಣಿಗಳೆಲ್ಲ ಮುಚ್ಚಿ ವರ್ಷಗಳೇ ಆದವು. ಆದರೂ ಊರಿನವರಿಗೆ ಅದು ಇವತ್ತಿಗೂ ‘ಕೋಲ್ ಸಿಟಿ’. ಕೋಲ್ ಕ್ಯಾಂಪ್ ಎಂಬ ಬಡಾವಣೆಯಲ್ಲಿ ಈಗ ಇರುವುದು ಗಾಡಿ ರಿಪೇರಿ, ಬಿಡಿಭಾಗದ ಅಂಗಡಿಗಳು. ಹೆಸರು ಮಾತ್ರ ಹಾಗೇ ಇದೆ. ಲಾಗೋಸ್‌ನಲ್ಲಿರುವ ನನಗೆ ಅಲ್ಲಿಗೆ ಹೋದಾಗಲೆಲ್ಲ ನಮ್ಮ ಕೆಜಿಎಫ್ ನೆನಪಾಗುತ್ತದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

1909ರಲ್ಲಿ ಆಲ್ಬರ್ಟ್ ಕಿಟ್ಸನ್ ಎಂಬ ಬ್ರಿಟಿಷ್ ಭೂವಿಜ್ಞಾನಿಯ ತಂಡಕ್ಕೆ ಉಡಿ ಬೆಟ್ಟಗಳ ಹತ್ತಿರ ಕಲ್ಲಿದ್ದಲು ಸಿಕ್ಕಿತು. ಆಗ ಅಲ್ಲಿ ಹಳ್ಳಿಗಳಿದ್ದವು, ಪಟ್ಟಣ ಇರಲಿಲ್ಲ. 1915ರಲ್ಲಿ ಅಗೆಯಲು ಶುರು ಮಾಡಿದರು. ಇದ್ದಲು ಸಾಗಿಸಲು ಪೋರ್ಟ್ ಹಾರ್ಕೋರ್ಟ್ ಎಂಬ ಹೊಸ ಬಂದರು ಕಟ್ಟಿದರು. ಅಲ್ಲಿಂದ ರೈಲು ಎನುಗು ಮುಟ್ಟಿದ್ದು 1916ರಲ್ಲಿ. ಒಂದೇ ಗಣಿಯ ನೆಪದಲ್ಲಿ ಎರಡು ಊರು ಹುಟ್ಟಿದವು ಅನ್ನಿ.

ಕೆಲಸಕ್ಕೆ ಜನ ಸುಮ್ನೆ ಬರಲಿಲ್ಲ. ಬ್ರಿಟಿಷರು ನೇಮಿಸಿದ ಮುಖಂಡರು, ಅದರಲ್ಲೂ ಎಕೆ ಊರಿನ ಒನ್ಯೇಮಾ, ಸುತ್ತಲಿನ ಹಳ್ಳಿಗಳ ಗಂಡಸರನ್ನು ಬಲವಂತವಾಗಿ ಗಣಿಗೆ ಅಟ್ಟಿದರು. ಮುಂದೆ ಒಂದು ಗಣಿಗೂ ಒನ್ಯೇಮಾ ಅಂತಲೇ ಹೆಸರಾಯಿತು!

1949ರಲ್ಲಿ ಬಾಕಿ ಸಂಬಳ ಕೇಳಿ ಕಾರ್ಮಿಕರು ಬೇಕಂತಲೇ ಕೆಲಸ ನಿಧಾನ ಮಾಡಿದರು. ಗಣಿಯಲ್ಲಿದ್ದ ಸಿಡಿಮದ್ದು ಸ್ವಾತಂತ್ರ್ಯ ಹೋರಾಟಗಾರರ ಕೈ ಸೇರಿದರೆ ಏನು ಗತಿ ಅಂತ ಸರ್ಕಾರಕ್ಕೆ ಗಾಬರಿ. ಅದನ್ನು ಹೊರಗೆ ಸಾಗಿಸಿದರೆ ಗಣಿ ಮುಚ್ಚಿ ನಮ್ಮನ್ನು ಮನೆಗೆ ಕಳಿಸುತ್ತಾರೆ ಅಂತ ಕಾರ್ಮಿಕರಿಗೆ ಅನುಮಾನ. ನವೆಂಬರ್ 18ರಂದು ಇವಾ ಕಣಿವೆಯಲ್ಲಿ ಪೊಲೀಸರು ಗುಂಡು ಹಾರಿಸಿದರು. 21 ಜನ ಸತ್ತರು. ದೇಶವೇ ಸಿಟ್ಟಿಗೆದ್ದಿತು, ಸ್ವಾತಂತ್ರ್ಯದ ಕೂಗು ಜೋರಾಯಿತು.

ಎನುಗು ಇದನ್ನು ಮರೆಯದಿರಲು ಕಾರಣ ಸರಳ. ಸತ್ತವರು ಅವರದೇ ಇಗ್ಬೊ ಜನ, ಅವರದೇ ಅಜ್ಜಂದಿರು. ಕೆಜಿಎಫ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿ ಇಳಿದು ಅಗೆದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಿಡಿದದ್ದೂ ಅವರಿಗೇ. ನಾವು ಚಿನ್ನವನ್ನು ನಮ್ಮದು ಅಂದೆವು, ಅವರನ್ನು ಅನ್ನಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಹೋಯಿತು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆ ಕರೆಂಟಿನಡಿ ದುಡಿದವರ ಸುದ್ದಿ ಎತ್ತುವವರು ಕಡಿಮೆ, ಅಲ್ವಾ?

ಎನುಗುವಿಗೆ ಅದೃಷ್ಟವೂ ಇತ್ತು, ಒಪ್ಪುತ್ತೇನೆ. ರೈಲು ಡೀಸೆಲ್‌ಗೆ ಬದಲಾಯಿತು, ಪೆಟ್ರೋಲಿಯಂ ಸಿಕ್ಕಿತು, 1967ರಲ್ಲಿ ಅಂತರ್ಯುದ್ಧವೂ ಬಂತು. ಇದ್ದಲಿಗೆ ಗಿರಾಕಿ ಇಲ್ಲದಾದರು. ಆದರೆ ಎನುಗು ನೈಜೀರಿಯಾದ ಪೂರ್ವ ಪ್ರಾಂತ್ಯದ ರಾಜಧಾನಿಯಾಗಿತ್ತು, ಆ ಯುದ್ಧದ ಹೊತ್ತಿಗೆ ಬೇರೆ ದೇಶ ಅಂತ ಘೋಷಿಸಿಕೊಂಡ ಬಯಾಫ್ರಾಗೂ ಮೊದಲ ರಾಜಧಾನಿ ಅದೇ. ಕಚೇರಿ, ಕಾಲೇಜು, ಮಾರುಕಟ್ಟೆ ಊರನ್ನು ಉಳಿಸಿದವು. ಕೆಜಿಎಫ್‌ನವರಿಗೆ ಗಣಿ ಬಿಟ್ಟರೆ ಬೇರೆ ಆಸರೆ ಜಾಸ್ತಿ ಇರಲಿಲ್ಲ. 2001ರಲ್ಲಿ ಅದೂ ಮುಚ್ಚಿತು. ಈಗ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುವವರು ಆ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಅವರ ಅಜ್ಜಂದಿರ ಕತೆ ನಮ್ಮ ಶಾಲೆಯ ಕನ್ನಡ ಪಾಠದಲ್ಲಿ ಬರಬೇಕು ಅನ್ನುವುದು ನನ್ನ ವಾದ.