ಹೂಂಗುಟ್ಟುವವಳು

ನಮ್ಮ ಕಡೆಯ ಅಜ್ಜಿಯಂದಿರು ಕಥೆ ಶುರು ಮಾಡುವ ಮೊದಲೇ ಒಂದು ಕರಾರು ಹಾಕುತ್ತಿದ್ದರು: ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ದೀಪ ಆರಿಸಿದ ಮೇಲೆ, ಮಕ್ಕಳು ಎಚ್ಚರವಾಗಿದ್ದಾರೆಯೇ ಇಲ್ಲವೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ಆದರೆ ಈ ಏರ್ಪಾಡಿನಲ್ಲಿ ಒಂದು ದೋಷವಿತ್ತು, ಅದನ್ನು ನಾನು ಆರೇಳು ವರ್ಷದವಳಿದ್ದಾಗಲೇ ಪತ್ತೆ ಹಚ್ಚಿದ್ದೆ. ಹೂಂ ಎನ್ನಲು ಕಥೆ ಕೇಳಬೇಕಾದ ಅಗತ್ಯವೇ ಇಲ್ಲ. ಹೇಳುವವರ ದನಿ ಇಳಿದಾಗ ಒಂದು 'ಹೂಂ', ಏರಿದಾಗ ಒಂದು 'ಹೌದಾ', ನಡುವೆಲ್ಲೋ ಒಂದು 'ಅಯ್ಯೋ' ಸೇರಿಸಿದರೆ ಸಾಕು. ಮನಸ್ಸು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ನಲವತ್ತಮೂರನೆಯ ವಯಸ್ಸಿನವರೆಗೆ ನಾನು ಸಂಸಾರ ನಡೆಸಿದ್ದೂ, ಕಾಲೇಜಿನ ಸಭೆಗಳಲ್ಲಿ ಗಂಟೆಗಟ್ಟಲೆ ಕುಳಿತು ಎದ್ದು ಬಂದದ್ದೂ ಈ ಮೂರು ಪದಗಳ ಬಂಡವಾಳದ ಮೇಲೆಯೇ.

ನಮ್ಮ ಅತ್ತೆಯವರ ಕಥೆಗಳಲ್ಲಿ ಒಂದು ಚುಂಚನಕಟ್ಟೆ ಜಾತ್ರೆಯದು. ಸಂಕ್ರಾಂತಿಯ ಸುಮಾರಿಗೆ ಅಲ್ಲಿ ಸೇರುವ ದನಗಳ ಜಾತ್ರೆಗೆ, ಮಾರುವುದಕ್ಕೆಂದು ಕರೆದೊಯ್ದಿದ್ದ ಅವರ ತವರಿನ ಎತ್ತೊಂದು ರಾತ್ರಿ ಹಗ್ಗ ಬಿಚ್ಚಿಕೊಂಡು ಕಾಣೆಯಾಯಿತು ಎಂಬಲ್ಲಿಗೆ ಕಥೆ ರಂಗೇರುತ್ತದೆ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಈ ಕಥೆಗೆ ನಾನು ಇಪ್ಪತ್ತು ಸಲವಾದರೂ ಹೂಂಗುಟ್ಟಿರಬೇಕು. ಆದರೂ ಎತ್ತು ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಎತ್ತು ಹಗ್ಗ ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ನನ್ನ ಮನಸ್ಸೂ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಕೊನೆಯನ್ನು ಕೇಳೋಣವೆಂದರೆ ಅಷ್ಟು ವರ್ಷಗಳ ಹೂಂಗಳೆಲ್ಲ ಸುಳ್ಳೆಂದು ಒಪ್ಪಿಕೊಂಡಂತಾಗುತ್ತದೆ. ಅತ್ತೆಗೂ ಅನುಮಾನವಿಲ್ಲದೆ ಇರಲಿಲ್ಲ. "ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋಳು ಕಣೇ ನೀನು" ಎಂದು ಆಗಾಗ ಹೇಳುತ್ತಿದ್ದರು. ಅದಕ್ಕೂ ನಾನು ಹೂಂ ಎಂದಿದ್ದೇನಂತೆ.

ಮೊದಲು ಎಲ್ಲರ ಸಂಶಯ ಹೋದದ್ದು ಕಿವಿಯ ಮೇಲೆ. ಮೈಸೂರಿನವರಿಗೆ ಕಿವಿಯ ವಿಷಯದಲ್ಲಿ ಬೇರೆಲ್ಲೂ ಅಲೆಯುವ ಕಷ್ಟವಿಲ್ಲ. 1965ರಲ್ಲಿ ಆರಂಭವಾಗಿ, ಈಗ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಂಬ ಗಂಭೀರ ಹೆಸರಿದ್ದರೂ ಊರಿನವರ ಬಾಯಲ್ಲಿ ಬರೀ 'ಸ್ಪೀಚ್ ಅಂಡ್ ಹಿಯರಿಂಗ್' ಆಗಿರುವ ಜಾಗ ಮಾನಸಗಂಗೋತ್ರಿಯಲ್ಲೇ ಇದೆ. ಅಲ್ಲಿ ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಜ್‌ವರೆಗಿನ ಒಂದೊಂದೇ ಸ್ವರವನ್ನು ಮೆಲ್ಲಗೆ ಕಿವಿಗೆ ಬಿಟ್ಟು, ಕೇಳಿಸಿದಾಗ ತಿಳಿಸುವಂತೆ ಹೇಳಿದರು. ಒಂದನ್ನೂ ತಪ್ಪಿಸದೆ ತಿಳಿಸಿದೆ. ಕಿವಿ ಅಪ್ಪಟವಾಗಿದೆ ಎಂದು ಫಲಿತಾಂಶ ಬಂದಾಗ ನಮ್ಮ ಯಜಮಾನರ ಮುಖ ಸ್ವಲ್ಪ ಇಳಿದುಹೋಯಿತು. ಕಿವುಡಾಗಿದ್ದರೆ ಕ್ಷಮಿಸಬಹುದಿತ್ತು, ಕೇಳಿಸಿಯೂ ಕೇಳದ ಹೆಂಗಸಿಗೆ ಲೋಕ ಇಟ್ಟಿರುವ ಹೆಸರು ಸೊಕ್ಕು ಎಂದು. ಅದೇ ಗಂಡಸಾದರೆ 'ಪಾಪ, ಏನೋ ಯೋಚನೆಯಲ್ಲಿದ್ದಾರೆ' ಎನ್ನುತ್ತಾರೆ.

ನಿಜವಾದ ಕಾರಣ ತಿಳಿದದ್ದು ಮಗನ ನಿಮಿತ್ತ. ಶಾಲೆಯವರು ಹೇಳಿದರೆಂದು ಅವನನ್ನು ಮನೋವೈದ್ಯರ ಬಳಿ ಕರೆದೊಯ್ದಾಗ, ಅವರು ಹುಡುಗನ ಬಗ್ಗೆ ಕೇಳಿದ ಪ್ರತಿ ಪ್ರಶ್ನೆಗೂ ನನ್ನ ಉತ್ತರ ಮನಸ್ಸಿನಲ್ಲಿ ಎದ್ದು ನಿಲ್ಲುತ್ತಿತ್ತು. ನೇರವಾಗಿ ಮಾತನಾಡಿಸಿದಾಗಲೂ ಕೇಳಿಸಿಕೊಳ್ಳುತ್ತಿಲ್ಲವೆಂದು ಕಾಣುತ್ತದೆಯೇ ಎಂಬುದು ಅವುಗಳಲ್ಲಿ ಒಂದು. ಎಡಿಎಚ್‌ಡಿ ಎಂಬ, ಗಮನ ಒಂದೆಡೆ ನಿಲ್ಲದ ಈ ತೊಂದರೆ ವಂಶದಲ್ಲಿ ಹರಿಯುವುದರಿಂದ, ಮಗುವಿನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ತಂದೆಯೋ ತಾಯಿಯೋ ಹೀಗೆ ಸಿಕ್ಕಿಬೀಳುವುದು ವೈದ್ಯರಿಗೆ ಹೊಸದಲ್ಲವಂತೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯ ಪ್ರಕಾರ, ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ವಯಸ್ಕರಿಗೆ ಐದಿದ್ದರೆ ಸಾಕು, ಆದರೆ ಅವುಗಳ ಸುಳಿವು ಹನ್ನೆರಡು ವರ್ಷದೊಳಗೇ ಸಿಕ್ಕಿರಬೇಕು. ನನ್ನ ಬಾಲ್ಯದ ಸಾಕ್ಷಿಗೆ ಅಮ್ಮನಿಗೆ ಫೋನು ಮಾಡಿದೆ. "ಹಾಲು ಉಕ್ಕಿದರೆ ನೋಡು ಅಂದರೆ ಉಕ್ಕೋವರೆಗೂ ನೋಡ್ತಾ ನಿಂತಿರೋಳು" ಎಂದು ಅಮ್ಮ ಒಂದೇ ವಾಕ್ಯದಲ್ಲಿ ಪ್ರಮಾಣಪತ್ರ ಕೊಟ್ಟರು.

1980ರ ಆವೃತ್ತಿಯಲ್ಲಿ ಅದೇ ಕೈಪಿಡಿ ಇದಕ್ಕೆ 'ಗಮನದ ಕೊರತೆ' ಎಂಬರ್ಥದ ಹೆಸರಿಟ್ಟಿತು. 1987ರಲ್ಲಿ ಅತಿಚಟುವಟಿಕೆಯನ್ನೂ ಸೇರಿಸಿ ಇಂದಿನ ಎಡಿಎಚ್‌ಡಿ ಮಾಡಿತು. ಕೊರತೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಜಮಾನರು ವಿಮೆಯ ಕಂತಿನ ವಿಷಯ ಹೇಳುತ್ತಿರುವಾಗ ಪಕ್ಕದ ಮನೆಯ ಕುಕ್ಕರು ಎಷ್ಟು ಸಲ ಕೂಗಿತು, ಬೀದಿಯಲ್ಲಿ ಸೊಪ್ಪಿನವಳು ಇಂದು ಸಬ್ಬಸಿಗೆಯನ್ನು ಕೂಗಲಿಲ್ಲವೇಕೆ, ಅವರ ಅಂಗಿಯ ಮೂರನೆಯ ಗುಂಡಿಯ ದಾರದ ಬಣ್ಣ ಬೇರೆ ಏಕಿದೆ, ಇಷ್ಟನ್ನೂ ನಾನು ಗಮನಿಸುತ್ತಿರುತ್ತೇನೆ. ಕೊರತೆಯಿರುವುದು ಬಾಗಿಲು ಕಾಯುವವನದು. ಬಂದವರನ್ನೆಲ್ಲ ಒಳಗೆ ಬಿಟ್ಟು, ಕರೆದವರಿಗೆ ಕೂರಲು ಜಾಗವಿಲ್ಲದಂತೆ ಮಾಡುತ್ತಾನೆ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಕೇಳಿದ್ದನ್ನು ಅರ್ಥವಾಗುವವರೆಗೆ ಅಂಗೈಯಲ್ಲಿ ಹಿಡಿದಿಟ್ಟುಕೊಳ್ಳುವ ನೆನಪೊಂದಿದೆ, ಮನೋವಿಜ್ಞಾನದವರು ಅದನ್ನು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ನಮ್ಮಂಥವರಲ್ಲಿ ಹಲವರಿಗೆ ಆ ಅಂಗೈ ಸೋರುತ್ತದೆ. ಸೋರುವ ಅಂಗೈಯವರ ಪಾಲಿಗೆ ಕನ್ನಡದಷ್ಟು ಕಠಿಣ ಪರೀಕ್ಷೆ ಇಡುವ ಭಾಷೆ ಕಡಿಮೆ ಎಂದು ಕನ್ನಡ ಪಾಠ ಹೇಳುವ ನಾನೇ ಹೇಳಬೇಕಾಗಿದೆ. ನಮ್ಮ ವಾಕ್ಯದ ಜೀವವೆಲ್ಲ ಬಾಲದಲ್ಲಿದೆ. "ನಾಳೆ ಬೆಳಿಗ್ಗೆ ಸಿಲಿಂಡರಿನವನು ಬಂದರೆ, ನಾನು ಆಗಲೇ ಫೋನಿನಲ್ಲೇ ಕಟ್ಟಿರುವುದರಿಂದ, ಅವನಿಗೆ ದುಡ್ಡು ಕೊಡಬೇಡ" ಎಂದು ಯಜಮಾನರು ಹೇಳಿದರೆ, ಆ ವಾಕ್ಯದಲ್ಲಿ ಮುಖ್ಯವಾದದ್ದು ಕಟ್ಟಕಡೆಯ 'ಬೇಡ'. ನಾನು ಸಿಲಿಂಡರಿನವನು ಬರುವವರೆಗೆ ಅವರ ಜೊತೆಗಿದ್ದು, ದುಡ್ಡಿನ ಹತ್ತಿರ ಇನ್ನೊಮ್ಮೆ ಹಾದು, ಅಷ್ಟರಲ್ಲಿ ಹೊರಟುಬಿಟ್ಟಿರುತ್ತೇನೆ. ಹೀಗೆ ಒಂದು ಸಿಲಿಂಡರಿಗೆ ಎರಡು ಸಲ ದುಡ್ಡು ತೆತ್ತದ್ದೂ ಆಗಿದೆ.

ವೈದ್ಯರು ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಬರೆದುಕೊಟ್ಟರು. 1944ರಲ್ಲಿ ಇದನ್ನು ತಯಾರಿಸಿದ ಸ್ವಿಟ್ಜರ್ಲೆಂಡಿನಲ್ಲಿದ್ದ ರಸಾಯನತಜ್ಞ ಪಾನಿಜ್ಜಾನ್ ತನ್ನ ಹೆಂಡತಿ ರೀಟಾಳ ಹೆಸರಿನಿಂದಲೇ ರಿಟಾಲಿನ್ ಎಂದು ಕರೆದ. ಔಷಧಕ್ಕೆ ಹೆಂಡತಿಯ ಹೆಸರಿಟ್ಟ ಗಂಡ ನನಗೆ ಗೊತ್ತಿದ್ದಂತೆ ಇವನೊಬ್ಬನೇ. ಮಾತ್ರೆಯಿಂದ ಬಾಗಿಲು ಕಾಯುವವನು ಕೆಲವು ಗಂಟೆ ಎಚ್ಚರವಾಗಿರುತ್ತಾನೆ, ಅಷ್ಟು ಉಪಕಾರವನ್ನು ಮರೆಯಲಾರೆ. ಆದರೆ ಅದು ನನ್ನ ಪರವಾಗಿ ಕೇಳಿಸಿಕೊಳ್ಳುವುದಿಲ್ಲ, ಮೇಲಾಗಿ ನಲವತ್ತು ವರ್ಷದ ಹೂಂ ಎಂಬ ಚಟವನ್ನು ಬಿಡಿಸುವುದಿಲ್ಲ.

ಆ ಚಟ ಬಿಡಿಸಿದ್ದು ಒಂದು ಕ್ರಿಯಾಪದ. ಕನ್ನಡದಲ್ಲಿ ಮಾತಿಗೆ ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಇಷ್ಟು ವರ್ಷ ತರಗತಿಯಲ್ಲಿ ನಾನಾರ್ಥಗಳ ಪಟ್ಟಿ ಮಾಡಿಸುವಾಗ ಅದನ್ನು ಹೇಳಿದ್ದೇನೆಯೇ ಹೊರತು ಅದರಿಂದ ಏನನ್ನೂ ಕಲಿತಿರಲಿಲ್ಲ. ಚಿಕಿತ್ಸಕಿಯೊಬ್ಬರು, ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಕೇಳಿ ನೋಡಿ ಎಂದಾಗ ಎರಡು ಅರ್ಥಗಳೂ ಒಂದೇ ಧಾತುವಿನಲ್ಲಿ ಸುಮ್ಮನೆ ಕೂಡಿಲ್ಲವೆನಿಸಿತು. ಪ್ರಶ್ನೆ ಕೇಳಬೇಕಾದವಳು ಮಾತಿನ ಬಾಲದವರೆಗೆ ಇರಲೇಬೇಕು. ಈಗ ನಮ್ಮ ಮನೆಯಲ್ಲಿ "ಹಾಗಾದರೆ ದುಡ್ಡು ಕೊಡಬಾರದು, ಅಲ್ಲವಾ?" ಎಂಬಂಥ ಮಾತುಗಳು ದಿನಕ್ಕೆ ಹತ್ತಾದರೂ ಹುಟ್ಟುತ್ತವೆ. ಆರಂಭದಲ್ಲಿ ಯಜಮಾನರಿಗೆ ಇದು ಪೊಲೀಸು ವಿಚಾರಣೆಯಂತೆ ಕಂಡಿತು; ಎರಡನೆಯ ಸಿಲಿಂಡರಿನ ದುಡ್ಡು ಉಳಿದ ಮೇಲೆ ಒಗ್ಗಿಕೊಂಡರು. ಇದಕ್ಕಿಂತ ಕಷ್ಟವಾದದ್ದು "ತಪ್ಪಿಹೋಯಿತು, ಇನ್ನೊಂದು ಸಲ ಹೇಳಿ" ಎನ್ನುವುದು. ಗಮಕದ ಕಾರ್ಯಕ್ರಮಕ್ಕೆ ಹೋದಾಗಲೆಲ್ಲ ನನಗೆ ಹಾಯೆನಿಸುತ್ತಿದ್ದುದೇಕೆಂದು ಆಗ ತಿಳಿಯಿತು: ಅಲ್ಲಿ ಒಬ್ಬರು ಪದ್ಯವನ್ನು ಹಾಡಿದರೆ ಇನ್ನೊಬ್ಬರು ಅದನ್ನೇ ಬಿಡಿಸಿ ಹೇಳುತ್ತಾರೆ, ಕೇಳುವವರು ಯಾರ ಕ್ಷಮೆಯನ್ನೂ ಬೇಡದೆ ಎಲ್ಲವನ್ನೂ ಎರಡು ಸಲ ಕೇಳುತ್ತಾರೆ.

ಇನ್ನೊಂದು ಉಪಾಯವನ್ನು ಯಾರೂ ಹೇಳಿಕೊಡಲಿಲ್ಲ, ಅವರೆಕಾಯಿ ಹೇಳಿಕೊಟ್ಟಿತು. ಬೇರೆಯವರು ಮಾತನಾಡುವಾಗ ಕೈಕಟ್ಟಿ ಕಣ್ಣಿಗೆ ಕಣ್ಣಿಟ್ಟು ಕೂರಬೇಕೆಂದು ಶಾಲೆಯಲ್ಲಿ ಕಲಿಸಿದ್ದರಲ್ಲ, ನನ್ನಂಥವರ ಮಟ್ಟಿಗೆ ಅದು ಪೂರ್ತಿ ತಿರುವುಮುರುವು. ಹಾಗೆ ಕುಳಿತರೆ ನನ್ನ ಶಕ್ತಿಯೆಲ್ಲ ಕೇಳುತ್ತಿರುವವಳಂತೆ ಕಾಣುವುದಕ್ಕೇ ಖರ್ಚಾಗುತ್ತದೆ. ಕೈಗೆ ಯೋಚನೆ ಬೇಡದ ಕೆಲಸವೊಂದು ಸಿಕ್ಕಿದರೆ, ಅಲೆಯುವ ಮನಸ್ಸಿನ ಅರ್ಧ ಭಾಗ ಅಲ್ಲೇ ಮೇಯುತ್ತಿರುತ್ತದೆ, ಉಳಿದರ್ಧ ಕಿವಿಯ ಬಳಿ ನಿಲ್ಲುತ್ತದೆ. ಹೂ ಕಟ್ಟುವುದು ಆಗಬಹುದು, ಬಟ್ಟೆ ಮಡಿಸುವುದೂ ಆಗಬಹುದು, ಆದರೆ ನೆನೆಹಾಕಿದ ಅವರೆಕಾಳನ್ನು ಹಿಸುಕುವುದಕ್ಕೆ ಸಮಾನವಾದದ್ದು ಇನ್ನೊಂದಿಲ್ಲ. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಟಕ್ಕನೆ ಪಾತ್ರೆಗೆ ಹಾರುತ್ತದೆ. ಪ್ರತಿ ಕಾಳಿಗೂ ಒಂದು ಸಣ್ಣ ಗೆಲುವು, ಅದರಿಂದ ಮೆದುಳಿಗೆ ಬೇಜಾರಾಗಲು ಬಿಡುವಿಲ್ಲ. ಒಂದು ಹೊತ್ತಿನ ಸಾರಿಗೆ ಬೇಕಾದಷ್ಟು ಬೇಳೆಯಾಗಲು ಗಂಟೆ ಹಿಡಿಯುತ್ತದೆ, ಎದುರಿಗೆ ಅತ್ತೆ ಕುಳಿತಿರುತ್ತಾರೆ.

ಕಳೆದ ಜನವರಿಯಲ್ಲಿ ಹಾಗೆ ಕುಳಿತಿದ್ದಾಗ ಚುಂಚನಕಟ್ಟೆಯ ಎತ್ತು ಮತ್ತೆ ಹಗ್ಗ ಬಿಚ್ಚಿಕೊಂಡಿತು. ನಾನು ಹೂಂ ಎನ್ನದೆ ಬೇಳೆ ಹಾರಿಸುತ್ತ ಅದರ ಹಿಂದೆಯೇ ಹೋದೆ. ಅತ್ತೆಯ ತಂದೆ ಕಂದೀಲು ಹಿಡಿದು ಜಾತ್ರೆಯನ್ನೆಲ್ಲ ಜಾಲಾಡಿ, ಬೆಳಗಾದ ಮೇಲೆ ಸೋತು ಬರಿಗೈಯಲ್ಲಿ ಊರಿಗೆ ನಡೆದು ಬಂದರೆ, ಎತ್ತು ಅವರಿಗಿಂತ ಮೊದಲೇ ಬಂದು ಕೊಟ್ಟಿಗೆಯಲ್ಲಿ ಹುಲ್ಲು ತಿನ್ನುತ್ತಿತ್ತಂತೆ. ಹದಿನೆಂಟು ವರ್ಷಗಳ ಬಳಿಕ ಎತ್ತು ಮನೆ ಸೇರಿದ ಸಂತೋಷದಲ್ಲಿ ನಾನು ಕೇಳಿದೆ:

"ಕೊಟ್ಟಿಗೆಯಲ್ಲಿ ಅದನ್ನು ಕಟ್ಟಿ ಹುಲ್ಲು ಹಾಕಿದವರು ಯಾರು ಅತ್ತೆ? ಗಂಡಸರೆಲ್ಲ ಜಾತ್ರೆಯಲ್ಲಿದ್ದರಲ್ಲ?"

ಅತ್ತೆಯ ಬೆರಳುಗಳು ನಿಂತವು. ಒಂದು ಕಾಳು ಸಿಪ್ಪೆ ಬಿಡದೆ ಹಾಗೇ ಉಳಿಯಿತು.

"ನಾನೇ ಕಣೇ," ಎಂದರು. "ಒಂಬತ್ತು ವರ್ಷ ನನಗೆ. ಜ್ವರ ಅಂತ ಜಾತ್ರೆಗೆ ಕರಕೊಂಡು ಹೋಗಿರಲಿಲ್ಲ. ಇದನ್ನ ಯಾರೂ ಕೇಳೇ ಇರಲಿಲ್ಲ ನೋಡು."

ಆಮೇಲೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಬೆಳಗಿನ ಜಾವ ಬಾಗಿಲ ಹೊರಗೆ ಗಂಟೆಯ ಸದ್ದು ಕೇಳಿ ಒಬ್ಬಳೇ ಎದ್ದು ಬಂದಲ್ಲಿಂದ ಕಥೆಯನ್ನು ಹೊಸದಾಗಿ ಶುರು ಮಾಡಿದರು. ಇನ್ನೂ ಅರ್ಧ ಮೊರ ಅವರೆ ಉಳಿದಿತ್ತು.