ಮೈನಸ್ 1,500ರ ಬಡವರು

ಕಾಲೇಜು ಸೇರಲು ಹೊರಟ ಅಮೆರಿಕದ ಬಡ ವಿದ್ಯಾರ್ಥಿ ಬರೆಯಬೇಕಾದ ಅತ್ಯಂತ ಕಠಿಣ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನಗಳ ಸೋಂಕೂ ಇಲ್ಲ; ಅದರ ಏಕೈಕ ವಿಷಯ ಅವನ ಅಪ್ಪ ಅಮ್ಮನ ಜೇಬು. ಪರೀಕ್ಷೆಯೆಂದರೆ ಫಾಫ್ಸಾ ಎಂಬ ವಿದ್ಯಾರ್ಥಿ ನೆರವಿನ ಅರ್ಜಿ; ಅದನ್ನು ತುಂಬದೆ, ಬಡ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಎಂಬ ಅನುದಾನ ಸಿಗುವುದಿಲ್ಲ. ಬಹಳಷ್ಟು ರಾಜ್ಯಗಳ ಅನುದಾನವೂ ಸಿಗುವುದಿಲ್ಲ.

ಅದರಲ್ಲಿ ನೂರಕ್ಕೂ ಮಿಕ್ಕಿ ಪ್ರಶ್ನೆಗಳಿದ್ದ ಕಾಲವೊಂದಿತ್ತು. ಜನ ಗೊಣಗಿದರು; 2020ರ ಡಿಸೆಂಬರಿನಲ್ಲಿ ಸಂಸತ್ತು ಅರ್ಜಿಯನ್ನು ಸರಳಗೊಳಿಸುವ ಕಾಯಿದೆಯನ್ನು ಅಂಗೀಕರಿಸಿತು. ಪ್ರಶ್ನೆಗಳೇನೋ ಕಡಿಮೆಯಾದವು. ಆದರೆ ವಾಡಿಕೆಯಂತೆ ಅಕ್ಟೋಬರ್ 1ಕ್ಕೆ ತೆರೆಯುತ್ತಿದ್ದ ಅರ್ಜಿ, ಸರಳಗೊಂಡ ಮೊದಲ ವರ್ಷದಲ್ಲಿ, ಕಾಯಿದೆಯ ಜನವರಿ 1ರ ಗಡುವನ್ನು ತಾನು ಮೀರಲಿಲ್ಲವೆಂದು ದಾಖಲೆಗೆ ತೋರಿಸುವುದಕ್ಕೋ ಎಂಬಂತೆ, 2023ರ ಡಿಸೆಂಬರ್ ಕೊನೆಯಲ್ಲಿ ತುಸು ಹೊತ್ತು ಕಣ್ಣು ಬಿಟ್ಟು ಮತ್ತೆ ಮುಚ್ಚಿಕೊಂಡಿತು. ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಗುರುತಿನ ಸಂಖ್ಯೆಯಿಲ್ಲದ ತಂದೆತಾಯಿಯ ಮಕ್ಕಳಲ್ಲಿ ಅನೇಕರು, ತಾವು ಅಮೆರಿಕದ ಪ್ರಜೆಗಳೇ ಆಗಿದ್ದರೂ, ಅರ್ಜಿಯನ್ನು ಮುಗಿಸಲಾಗದೆ ವಾರಗಟ್ಟಲೆ ಕಾದರು. ಹಣದುಬ್ಬರಕ್ಕೆ ತಕ್ಕಂತೆ, ನೆರವನ್ನು ನಿರ್ಧರಿಸುವ ಲೆಕ್ಕದ ಕೋಷ್ಟಕವನ್ನು ತಿದ್ದುವುದೇ ಬಿಟ್ಟುಹೋಗಿತ್ತು. ಅದನ್ನು ಸರಿಪಡಿಸಿದಾಗ ವಿದ್ಯಾರ್ಥಿಗಳ ಪಾಲಿಗೆ ಹೆಚ್ಚುವರಿಯಾಗಿ ಬರಬೇಕಾದ ಹಣ 180 ಕೋಟಿ ಡಾಲರ್ ಎಂದು ತಿಳಿಯಿತು. ಅಂಗಡಿಯವನು ಐದು ರೂಪಾಯಿ ಚಿಲ್ಲರೆ ಮರೆತರೆ ನಾವು ಜಗಳಕ್ಕೆ ನಿಲ್ಲುತ್ತೇವೆ.

ಸುಧಾರಣೆಯ ನಿಜವಾದ ಕಿರೀಟ ಬೇರೆಯೇ ಇದೆ. ಹಳೆಯ ಪದ್ಧತಿಯಲ್ಲಿ ಕುಟುಂಬದ ಆರ್ಥಿಕ ಸಾಮರ್ಥ್ಯವನ್ನು ಸೂಚಿಸುವ ಅಂಕಿ ಸೊನ್ನೆಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಹೊಸದರಲ್ಲಿ ಅದು ಮೈನಸ್ 1,500ರವರೆಗೂ ಇಳಿಯಬಹುದು. ಏನೂ ಇಲ್ಲದವನಿಗಿಂತ ಇನ್ನೂ ಏನೂ ಇಲ್ಲದವನನ್ನು ಬೇರ್ಪಡಿಸಿ ತೋರಿಸುವ ಈ ಸೂಕ್ಷ್ಮದೃಷ್ಟಿಯನ್ನು ಮೆಚ್ಚಲೇಬೇಕು. ಹಾಗೆ ಬೇರ್ಪಡಿಸಿದ ಮೇಲೆ? 2024–25ರಲ್ಲಿ ಸೊನ್ನೆಯವನಿಗೆ ದೊರೆಯುವ ಗರಿಷ್ಠ ಪೆಲ್ ಗ್ರಾಂಟ್ 7,395 ಡಾಲರ್. ಮೈನಸ್ 1,500ರವನಿಗೂ ಅಷ್ಟೇ. ಅವನಿಗೆ ಹೆಚ್ಚಾಗಿ ದಕ್ಕಿದ್ದು ಒಂದು ಮೈನಸ್ ಚಿಹ್ನೆ.

ಇನ್ನು ಸ್ವಾವಲಂಬನೆಯ ಮಾತು. ಇಪ್ಪತ್ತಮೂರರ ಯುವಕ ಮನೆ ಬಿಟ್ಟು, ದುಡಿದು, ಬಾಡಿಗೆಯನ್ನೂ ತೆರಿಗೆಯನ್ನೂ ತಾನೇ ಕಟ್ಟುತ್ತಿದ್ದರೂ ಸಾಮಾನ್ಯವಾಗಿ ಅರ್ಜಿಯ ಕಣ್ಣಿಗೆ ಅವನು ಅಪ್ಪನ ಆಶ್ರಿತನೇ. ಆ ಅಪ್ಪ ಒಂದು ಕಾಸೂ ಕೊಡುವುದಿಲ್ಲವೆಂದು ಕೈಯೆತ್ತಿದ್ದರೂ ಲೆಕ್ಕ ಮಾತ್ರ ಅಪ್ಪನ ವರಮಾನದ್ದು. ಇಪ್ಪತ್ತನಾಲ್ಕು ತುಂಬುವವರೆಗೆ ಕಾಯಬೇಕು, ಇಲ್ಲವೇ ಸೈನ್ಯದಲ್ಲಿ ಸೇವೆ ಸಲ್ಲಿಸಿರಬೇಕು, ಇಲ್ಲವೇ ಮದುವೆಯಾಗಬೇಕು; ಇಂಥವೇ ಇನ್ನು ಕೆಲವು ದಾರಿಗಳೂ ಇವೆ. ಹದಿನೆಂಟರಲ್ಲಿ ತಾಳಿ ಕಟ್ಟಿದರೆ ಅದೇ ದಿನ ಸ್ವತಂತ್ರ. ಮದುವೆಯಾದ ಮೇಲೆ ಸ್ವಾತಂತ್ರ್ಯ ಬರುತ್ತದೆಂದು ನಂಬಿರುವ ಸರ್ಕಾರ ಜಗತ್ತಿನಲ್ಲಿ ಇನ್ನೊಂದು ಇರಲಾರದು.

ನಮ್ಮವರ ಮನೆಗಳಲ್ಲಿ ಈ ನಿಯಮಗಳು ಒಡಹುಟ್ಟಿದವರನ್ನೇ ಇಬ್ಭಾಗ ಮಾಡುತ್ತವೆ. ಬೆಂಗಳೂರಿನಲ್ಲಿ ಹುಟ್ಟಿ, ಎರಡನೆಯ ವಯಸ್ಸಿಗೇ ಅಮೆರಿಕಕ್ಕೆ ದುಡಿಯಲು ಹೋದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದ ಮೇಲೆ ಹೋದ ಅಕ್ಕ ಫೆಡರಲ್ ನೆರವಿಗೆ ಅನರ್ಹಳು. ಅಮೆರಿಕದಲ್ಲಿ ಹುಟ್ಟಿದ ತಮ್ಮ ಅರ್ಹನು. ಸಾಫ್ಟ್‌ವೇರ್ ಸಂಬಳದ ಮನೆಗೆ ಪೆಲ್ ಗ್ರಾಂಟ್ ಬರುವುದು ಅಪರೂಪವೆಂಬುದು ಬೇರೆ ಮಾತು. ಅಕ್ಕನ ವಿಷಯದಲ್ಲಿ ವರಮಾನದ ಪ್ರಶ್ನೆಯೇ ಏಳುವುದಿಲ್ಲ.

ರಾಜ್ಯಗಳಿಗೂ ತಮ್ಮತಮ್ಮ ಹಟಗಳಿವೆ. ಕ್ಯಾಲಿಫೋರ್ನಿಯಾ ಕ್ಯಾಲ್ ಗ್ರಾಂಟಿಗೆ ಶಾಲೆಯ ಅಂಕಗಳ ದೃಢೀಕರಣವನ್ನೂ ಕೇಳುತ್ತದೆ, ನ್ಯೂಯಾರ್ಕ್ ಮತ್ತೊಂದು ಅರ್ಜಿಯನ್ನೇ ಕೇಳುತ್ತದೆ, ಜಾರ್ಜಿಯಾದ ಹೋಪ್ ವಿದ್ಯಾರ್ಥಿವೇತನ ಬಡತನವನ್ನು ಬಿಟ್ಟು ಅಂಕಗಳನ್ನು ನೋಡುತ್ತದೆ.

ರೈತರನ್ನು ಮರೆಯುವಂತಿಲ್ಲ. ಮೊದಲು ಕುಟುಂಬ ವಾಸವಾಗಿದ್ದು ದುಡಿಯುವ ಹೊಲವನ್ನು ಆಸ್ತಿಯೆಂದು ಎಣಿಸುತ್ತಿರಲಿಲ್ಲ. ಸರಳಗೊಳಿಸಿದವರು 2024–25ರ ಸಾಲಿನಿಂದ ಹೊಲ, ಟ್ರ್ಯಾಕ್ಟರು, ದನಕರುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರು. ಮಗನ ಶುಲ್ಕಕ್ಕಾಗಿ ಹೊಲವನ್ನು ಮಾರಿ, ಪದವಿ ಪಡೆದ ಮಗ ಊರಿಗೆ ಮರಳಿದಾಗ ಉಳಲು ಏನೂ ಉಳಿಯದಂತೆ ಮಾಡುವುದು ಅವರ ಉದ್ದೇಶವಾಗಿರಲಿಕ್ಕಿಲ್ಲ. 2025ರಲ್ಲಿ ಮತ್ತೊಂದು ಕಾಯಿದೆ ಬಂದು, 2026–27ರ ಸಾಲಿನಿಂದ ಆ ವಿನಾಯಿತಿಯನ್ನು ಮರಳಿಸಿತು. ನಡುವಿನ ಎರಡು ವರ್ಷ ಆಸ್ತಿಯಾಗಿದ್ದ ಹಸು, ಇನ್ನು ಮುಂದೆ ಮತ್ತೆ ಹಸು.