ಸುಮ್ನೆ ದಂಡ ಅಲ್ಲ
ಇಮೇಲ್ ಕಳಿಸಿ ತಲುಪಿಸಲು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಇರುವಾಗ, ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಓಪನ್‌ಎಸ್‌ಎಂಟಿಪಿಡಿ ಎಂಬ ಸ್ವಂತ ಮೇಲ್ ಸರ್ವರ್ ಬರೆದದ್ದು ದಂಡ ಅಂದಿದ್ದೀರಿ. ನಾನು ಒಪ್ಪುವುದಿಲ್ಲ ಸಾರ್. ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರಲ್ಲಿ ಹಿಂದೆ ಸೆಂಡ್‌ಮೇಲ್ ಎಂಬ ಹಳೇ ಮೇಲ್ ಸರ್ವರ್ ನೋಡಿಕೊಂಡವನು ನಾನು. ಅದರ ಸೆಟ್ಟಿಂಗ್ ಬರೆಯುವ ಸಿಎಫ್ ಫೈಲ್ ತೆರೆದರೆ ಬರೀ ಡಾಲರ್ ಚಿಹ್ನೆ. ಒಂದು ಮಳೆಗಾಲದ ರಾತ್ರಿ, ಕರೆಂಟ್ ಹೋಗಿ ಬಂದು ಮಾಡುವಾಗ, ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಒತ್ತಿ ಬೆಳಗಿನವರೆಗೆ ತಲೆ ಕೆರೆದುಕೊಂಡಿದ್ದೆ! 2014ರಲ್ಲಿ ಓಪನ್‌ಬಿಎಸ್‌ಡಿ 5.6ನೇ ಆವೃತ್ತಿಯ ಜೊತೆ, ಸೆಂಡ್‌ಮೇಲ್ ಬದಲು ಓಪನ್‌ಎಸ್‌ಎಂಟಿಪಿಡಿಯೇ ಡೀಫಾಲ್ಟ್ ಆಯಿತು. ಅದರ ಸೆಟ್ಟಿಂಗ್ ಫೈಲಿನ ಹತ್ತು-ಹನ್ನೆರಡು ಸಾಲಿನಲ್ಲಿ ಕೆಲಸ ಮುಗಿಯಿತು, ಓದಿದರೆ ಅರ್ಥವೂ ಆಗುತ್ತದೆ.

ಹೊಸ ಕೋಡ್ ಅಂದರೆ ಹೊಸ ತೂತು ಎಂಬ ನಿಮ್ಮ ಮಾತು ನಿಜ, ಅಲ್ಲ ಅನ್ನೋ ಹಾಗಿಲ್ಲ. 2020ರ ಜನವರಿಯಲ್ಲಿ ಓಪನ್‌ಎಸ್‌ಎಂಟಿಪಿಡಿಯಲ್ಲೂ ಅಂಥದ್ದೊಂದು ಬಯಲಾಯಿತು: ಕಳುಹಿಸುವವರ ವಿಳಾಸವನ್ನು ಸರಿಯಾಗಿ ಪರೀಕ್ಷಿಸದ ಕಾರಣ ಹೊರಗಿನವರು ರೂಟ್ ಆಗಿ, ಅಂದರೆ ಯಂತ್ರದ ಪೂರ್ಣ ಅಧಿಕಾರದಲ್ಲಿ, ಕಮಾಂಡ್ ಓಡಿಸಬಹುದಿತ್ತು. ಅವತ್ತು ಮೊದಲು ಪ್ಯಾಚ್ ಹಾಕಿ ಆಮೇಲೆ ಕಾಫಿ ಕುಡಿದೆ.